ದೂರದರ್ಶಕದ ಕನ್ನಡಿ ಉಜ್ಜುವ ಯಂತ್ರವನ್ನು ಕಟ್ಟುವ ಬಗೆ

ಸುಮಾರು 200 ಮಿಲಿಮೀಟರ್ ವ್ಯಾಸದವರೆಗಿನ ಕನ್ನಡಿಯನ್ನು ಕೈಯಿಂದಲೇ ಉಜ್ಜಿ ಮುಗಿಸಬಹುದು. ಅದಕ್ಕಿಂತ ದೊಡ್ಡ ಗಾಜಿಗೆ ಯಂತ್ರವಿದ್ದರೆ ಶ್ರಮ ಬಹಳಷ್ಟು ಉಳಿಯುತ್ತದೆ. ಮೊದಲ ಸಲ ಕಟ್ಟುವವರಿಗೆ ಸ್ಥಿರ ತೋಳಿನ ಯಂತ್ರವೇ ಸೂಕ್ತ. ಇದರಲ್ಲಿ ಕನ್ನಡಿಯು ಟರ್ನ್‌ಟೇಬಲ್ ಮೇಲೆ ಮುಖ ಮೇಲಾಗಿ ತಿರುಗುತ್ತದೆ; ತೋಳಿನಿಂದ ಇಳಿಬಿಟ್ಟ ಪಿನ್ ಟೂಲನ್ನು (ಗಾಜನ್ನು ಉಜ್ಜುವ ಬಿಲ್ಲೆಯನ್ನು) ಒಂದೇ ಜಾಗದಲ್ಲಿ ತಡೆದಿರುತ್ತದೆ, ಮತ್ತು ಟೂಲ್ ಘರ್ಷಣೆಯ ಬಲದಿಂದ ತಾನಾಗಿಯೇ ಸುತ್ತುತ್ತದೆ. ತೋಳನ್ನು ಹಿಂದೆ ಮುಂದೆ ಆಡಿಸುವ ಕ್ರ್ಯಾಂಕನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಟರ್ನ್‌ಟೇಬಲ್‌ಗೆ ನೀರು ಹೀರದ ದಪ್ಪ ಪ್ಲೈವುಡ್ ಸಾಕು. ಅದರ ಶಾಫ್ಟನ್ನು ಒಂದರಿಂದೊಂದು ದೂರವಿರುವ ಎರಡು ಬೇರಿಂಗ್‌ಗಳಲ್ಲಿ ನಿಲ್ಲಿಸಿ, ಗೇರ್ ಮೋಟಾರ್ ಮತ್ತು ಬೆಲ್ಟ್ ಮೂಲಕ ನಿಮಿಷಕ್ಕೆ 10ರಿಂದ 30 ಸುತ್ತು ತಿರುಗುವಂತೆ ಮಾಡಬೇಕು. ಬೆಲ್ಟನ್ನು ಅತಿಯಾಗಿ ಬಿಗಿಯಬಾರದು, ಏಕೆಂದರೆ ಪಿಚ್ (ಹೊಳಪು ಕೊಡುವ ಟೂಲಿನ ಮೈಗೆ ಹಚ್ಚುವ ರಾಳದಂಥ ವಸ್ತು) ಒಣಗಿ ಟೂಲ್ ಗಾಜಿಗೆ ಕಚ್ಚಿಕೊಂಡಾಗ ಬೆಲ್ಟ್ ಜಾರಿದರೆ ಕನ್ನಡಿ ಉಳಿಯುತ್ತದೆ. ಗಾಜು ಉಜ್ಜಲು ನೀರಿನೊಡನೆ ಹಾಕುವ ಪುಡಿ ಕೆಸರಿನಂತೆ ಸೋರಿ ಬೇರಿಂಗ್‌ಗೆ ಇಳಿಯದಂತೆ ಮೇಜಿನ ಅಂಚಿನ ಕೆಳಗೆ ಪ್ಲಾಸ್ಟಿಕ್ ಪರದೆ ಕಟ್ಟುವುದು ಅಗತ್ಯ.

ನಿಜವಾದ ಎಚ್ಚರ ಬೇಕಿರುವುದು ಗಾಜನ್ನು ಕೂರಿಸುವಲ್ಲಿ. ಕನ್ನಡಿಯನ್ನು ಅಂಚಿನಲ್ಲಿ ಬಿಗಿದು ಹಿಡಿದರೆ ಅಥವಾ ಅದರ ಬೆನ್ನಿಗೆ ಒಂದೆಡೆ ಹೆಚ್ಚು ಆಸರೆ ಸಿಕ್ಕರೆ ಗಾಜು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಸ್ಥಿತಿಯಲ್ಲಿ ಉಜ್ಜಿದ ಮೇಲ್ಮೈಯು ಬಿಡಿಸಿದ ಮೇಲೆ ಅಸ್ಟಿಗ್ಮ್ಯಾಟಿಸಂ ದೋಷವನ್ನು (ಕಿರಣಗಳು ಒಂದೇ ಬಿಂದುವಿನಲ್ಲಿ ಸೇರದೆ ಬಿಂಬ ಕೆಡುವುದನ್ನು) ತೋರುತ್ತದೆ. ಆದ್ದರಿಂದ ಅಡಿಯಲ್ಲಿ ಒಂದೇ ದಪ್ಪದ ಮೆತ್ತೆ ಹಾಸಿ, ಸುತ್ತಲಿನ ಮೂರು ಗೂಟಗಳಿಗೂ ಗಾಜಿಗೂ ನಡುವೆ ಕಾಗದದ ದಪ್ಪದಷ್ಟು ಸಂದು ಬಿಡಬೇಕು, ಆಗಾಗ ಯಂತ್ರ ನಿಲ್ಲಿಸಿ ಕನ್ನಡಿಯನ್ನು ಮೇಜಿನ ಮೇಲೆ ಬೇರೆ ಕೋನಕ್ಕೆ ಸರಿಸಿಡಬೇಕು. ಪಿನ್ನಿನ ತುದಿ ಟೂಲಿನ ಬೆನ್ನಿನಲ್ಲಿ ಆದಷ್ಟು ತಗ್ಗಿನಲ್ಲಿ ಕೂರಬೇಕು. ಎತ್ತರದಲ್ಲಿ ಕೂತರೆ ಟೂಲ್ ವಾಲಿ ಕನ್ನಡಿಯ ಅಂಚನ್ನು ಕೆಡಿಸುತ್ತದೆ. ಕ್ರ್ಯಾಂಕ್ ಇದ್ದಲ್ಲಿ ಅದರ ವೇಗವು ಮೇಜಿನ ವೇಗದ ಪೂರ್ಣ ಗುಣಕವಾಗಿರಬಾರದು, ಇಲ್ಲವಾದರೆ ಟೂಲ್ ಅದೇ ಜಾಡಿನಲ್ಲಿ ಮತ್ತೆ ಮತ್ತೆ ಓಡುತ್ತದೆ.

ಟೂಲ್ ಮತ್ತು ಕನ್ನಡಿ ಎರಡೂ ಒಂದೇ ಅಳತೆಯವಾದರೆ ಮೇಲಿನ ಬಿಲ್ಲೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಕನ್ನಡಿ ಕೆಳಗಿರುವುದರಿಂದ ಗುಂಡಿ ತೋಡಲು ಚಿಕ್ಕ ಟೂಲ್ ಬೇಕು. ಎಫ್/6ರ (ನಾಭಿದೂರವು ವ್ಯಾಸದ ಆರು ಪಟ್ಟಿರುವ) 200 ಮಿಲಿಮೀಟರ್ ಕನ್ನಡಿಗೆ ನಡುವಿನ ಆಳ ಸುಮಾರು 2.1 ಮಿಲಿಮೀಟರ್. 80ರ ಗ್ರಿಟ್‌ನ (ಒರಟು ಕಣದ) ಸಿಲಿಕಾನ್ ಕಾರ್ಬೈಡ್ ಪುಡಿಯಿಂದ ಆರಂಭಿಸಿ ಹಂತಹಂತವಾಗಿ ನಯವಾದ ಪುಡಿಗಳಿಗೆ ಇಳಿಯಬೇಕು, ಪ್ರತಿ ಹಂತದ ನಡುವೆ ಯಂತ್ರವನ್ನೆಲ್ಲ ತೊಳೆಯಬೇಕು. ಉಳಿದ ಒಂದೇ ಒರಟು ಕಣ ಗೀರು ಹಾಕಲು ಸಾಕು. ಹೊಳಪಿಗೆ ಪಿಚ್ ಟೂಲ್ ಮತ್ತು ಸೀರಿಯಂ ಆಕ್ಸೈಡ್.

ಗೋಳಾಕಾರವನ್ನು ಪ್ಯಾರಾಬೋಲಾಕ್ಕೆ ತಿದ್ದುವ ಕೊನೆಯ ಕೆಲಸವನ್ನು ಕೈಗೇ ಬಿಡುವುದು ಲೇಸು. ಕನ್ನಡಿಯ ಆಕಾರವನ್ನು ಬೆಳಕು ಮತ್ತು ಚೂಪಾದ ಅಲಗಿನಿಂದ ನೋಡುವ ಫೋಕೋ ಪರೀಕ್ಷೆಗೆ ಮುನ್ನ, ಉಜ್ಜಿದ ಬಿಸಿ ಆರಲು ಗಾಜಿಗೆ ಸಮಯ ಕೊಡಬೇಕು. ಬೆಚ್ಚಗಿನ ಕನ್ನಡಿಯ ಅಳತೆಯನ್ನು ನಂಬುವಂತಿಲ್ಲ.