ಲ್ಯಾಬ್ ರಿಪೋರ್ಟಿನಿಂದಲೇ ಶುರು ಮಾಡಿದೆವು

ಬೇರೆ ಬೇರೆ ಸಾಫ್ಟ್‌ವೇರ್ ಬಳಸುವ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳ ದಾಖಲೆಗಳನ್ನು ಒಂದು ಪದ್ಧತಿಗೆ ತರುವ ಕೆಲಸ ನಮ್ಮ ತಂಡಕ್ಕೆ ಬಂತು. ಎಲ್ಲರೂ ಒಂದೇ ಸಾಫ್ಟ್‌ವೇರ್ ತಗೊಂಡರೆ ಮುಗೀತಲ್ವಾ ಅಂತ ಮೊದಲ ಸಭೆಯಲ್ಲೇ ಒಬ್ಬರು ಕೇಳಿದರು. ಅದು ಆಗುವ ಮಾತಲ್ಲ. ಯಾರೂ ಹಳೆಯದನ್ನು ಬಿಡಲು ತಯಾರಿರಲಿಲ್ಲ, ಬಿಡುವ ಅಗತ್ಯವೂ ಇರಲಿಲ್ಲ. ಒಳಗೆ ಹೇಗಾದರೂ ಇಟ್ಟುಕೊಳ್ಳಿ, ಹೊರಗೆ ಕಳಿಸುವಾಗ ಮಾತ್ರ ಒಂದೇ ರೂಪದಲ್ಲಿ ಕಳಿಸಿ ಅಂದೆವು.

ರೂಪದ ವಿಷಯ ಬೇಗ ಬಗೆಹರಿಯಿತು. ಹಳೆಯ ವ್ಯವಸ್ಥೆಗಳು ಎಚ್‌ಎಲ್7 ಅನ್ನುವ, ಆಸ್ಪತ್ರೆ ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳುವ ಮಾನದಂಡದ ಎರಡನೇ ಆವೃತ್ತಿಯಲ್ಲಿ ಸಂದೇಶ ಕಳಿಸುತ್ತಿದ್ದವು. ಅದರಲ್ಲಿ ಝಡ್ ಅಕ್ಷರದಿಂದ ಶುರುವಾಗುವ ಸೆಗ್ಮೆಂಟ್‌ಗಳಲ್ಲಿ (ಸಂದೇಶದ ಭಾಗಗಳಲ್ಲಿ) ಯಾರು ಏನು ಬೇಕಾದರೂ ತುಂಬಬಹುದು. ಎಲ್ಲರೂ ಧಾರಾಳವಾಗಿ ತುಂಬಿದ್ದರು! ನಡುವೆ ಸಂದೇಶಗಳ ರೂಪ ಬದಲಾಯಿಸುವ ಒಂದು ಇಂಟರ್‌ಫೇಸ್ ಎಂಜಿನ್ ಇಟ್ಟು, ಎಲ್ಲವನ್ನೂ ಎಚ್‌ಎಲ್7ರದೇ ಹೊಸ ಮಾನದಂಡವಾದ ಎಫ್‌ಎಚ್‌ಐಆರ್‌ಗೆ ಬದಲಾಯಿಸಿದೆವು.

ನಿಜವಾದ ಬೆವರು ಹರಿದಿದ್ದು ಲ್ಯಾಬ್ ಪರೀಕ್ಷೆಗಳ ಮ್ಯಾಪಿಂಗ್‌ನಲ್ಲಿ, ಅಂದರೆ ಒಬ್ಬೊಬ್ಬರು ಇಟ್ಟ ಹೆಸರನ್ನು ಎಲ್ಲರಿಗೂ ಒಂದೇ ಆದ ಕೋಡ್‌ಗೆ ಹೊಂದಿಸುವುದರಲ್ಲಿ. ಒಂದು ಕಡೆ 'ಗ್ಲೂಕೋಸ್', ಇನ್ನೊಂದು ಕಡೆ 'ಬ್ಲಡ್ ಶುಗರ್', ಮತ್ತೊಂದು ಕಡೆ ಬರೀ 'ಆರ್‌ಬಿಎಸ್' (ರ್ಯಾಂಡಮ್ ಬ್ಲಡ್ ಶುಗರ್). ಇವೆಲ್ಲ ಒಂದೇನಾ? ಲ್ಯಾಬ್ ಪರೀಕ್ಷೆಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ಲೋಯಿಂಕ್‌ನ ಕೋಡ್ ಕೊಡಬೇಕಾದರೆ ಏನನ್ನು ಅಳೆದಿದ್ದು, ಯಾವ ಮಾದರಿಯಲ್ಲಿ, ಯಾವ ರೀತಿಯ ಅಳತೆ ಅನ್ನುವುದೆಲ್ಲ ಗೊತ್ತಿರಬೇಕು. ಸೀರಮ್ ಅಥವಾ ಪ್ಲಾಸ್ಮಾದ ಗ್ಲೂಕೋಸನ್ನು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕದಲ್ಲಿ ಕೊಟ್ಟರೆ ಕೋಡ್ 2345-7. ಅದನ್ನೇ ಲೀಟರ್‌ಗೆ ಇಷ್ಟು ಮಿಲಿಮೋಲ್ ಅಂತ ಕೊಟ್ಟರೆ 14749-6. ಎರಡೂ ಅಂಕಿಗಳ ನಡುವೆ ಸುಮಾರು 18 ಪಟ್ಟು ವ್ಯತ್ಯಾಸ. ಕ್ರಿಯಾಟಿನಿನ್‌ನಲ್ಲಿ ಮಿಲಿಗ್ರಾಂನಿಂದ ಮೈಕ್ರೋಮೋಲ್‌ಗೆ ಹೋದರೆ 88.4 ಪಟ್ಟು. ಆದ್ದರಿಂದ ಯೂನಿಟ್ ಇಲ್ಲದ ಅಂಕಿಯನ್ನು ಒಳಗೆ ಬಿಡಲೇ ಇಲ್ಲ.

ಇದನ್ನು ಐಟಿಯವರ ಜೊತೆ ಕೂತು ಮಾಡಲು ಆಗಲ್ಲ. ಮಾದರಿ ಯಾವುದು, ಕಿಟ್ ಯಾವುದು ಅನ್ನುವುದು ಲ್ಯಾಬ್ ಟೆಕ್ನೀಷಿಯನ್‌ಗಳಿಗೇ ಗೊತ್ತು. ಜಾಸ್ತಿ ನಡೆಯುವ ಪರೀಕ್ಷೆಗಳನ್ನು ಮೊದಲು ಮುಗಿಸಿದೆವು. ಅಪರೂಪದವನ್ನು ಅವರವರ ಸ್ವಂತ ಕೋಡ್‌ನಲ್ಲೇ ಬಿಟ್ಟೆವು. ಮ್ಯಾಪ್ ಆದವುಗಳಲ್ಲೂ ಲೋಯಿಂಕ್ ಜೊತೆಗೆ ಹಳೆಯ ಕೋಡನ್ನೂ ಉಳಿಸಿಕೊಂಡೆವು. ಎಫ್‌ಎಚ್‌ಐಆರ್‌ನಲ್ಲಿ ಒಂದೇ ಪರೀಕ್ಷೆಗೆ ಹಲವು ಕೋಡ್ ಹಾಕಬಹುದು. ಮುಂದೆ ಏನಾದರೂ ಅನುಮಾನ ಬಂದರೆ ಮೂಲಕ್ಕೆ ಹೋಗಿ ನೋಡಬಹುದಲ್ವಾ.

ಅಲರ್ಜಿಯದು ಬೇರೆಯೇ ಕಥೆ. ಆ ಜಾಗ ಖಾಲಿ ಇದ್ದರೆ ಅಲರ್ಜಿ ಇಲ್ಲ ಅಂತಲೋ, ಯಾರೂ ಕೇಳಿಲ್ಲ ಅಂತಲೋ? ರೋಗ, ಅಲರ್ಜಿ ಮುಂತಾದವುಗಳಿಗೆ ಕೋಡ್ ಇರುವ ವೈದ್ಯಕೀಯ ಪದಕೋಶ ಸ್ನೋಮೆಡ್ ಸಿಟಿಯಲ್ಲಿ 'ಗೊತ್ತಿರುವ ಅಲರ್ಜಿ ಇಲ್ಲ' ಅನ್ನುವುದಕ್ಕೇ ಪ್ರತ್ಯೇಕ ಕೋಡ್ ಇದೆ. ಕೇಳಿ ಖಚಿತ ಮಾಡಿಕೊಂಡಿದ್ದರೆ ಮಾತ್ರ ಅದನ್ನು ಹಾಕಬೇಕು, ಖಾಲಿ ಇದ್ದದ್ದು 'ಮಾಹಿತಿ ಇಲ್ಲ' ಅಂತಲೇ ಹೋಗಬೇಕು ಅಂತ ನಿಯಮ ಮಾಡಿದೆವು. ಇನ್ನೊಂದು ಕ್ಲಿಕ್ ಜಾಸ್ತಿಯಾಯಿತು ಅಂತ ಡಾಕ್ಟರುಗಳು ಗೊಣಗಿದರು. ಅವರ ಸಿಟ್ಟು ಸುಳ್ಳೇನಲ್ಲ, ಆದರೆ ಇಲ್ಲಿ ನಾವು ಬಗ್ಗಲಿಲ್ಲ.

ಡಾಕ್ಟರುಗಳ ಟಿಪ್ಪಣಿಯ ತಂಟೆಗೆ ಸದ್ಯಕ್ಕೆ ಹೋಗಿಲ್ಲ. ಅದು ಹಾಗೇ ಡಾಕ್ಯುಮೆಂಟ್ ಆಗಿ ಹೋಗುತ್ತದೆ. ಈಗಲೂ ತಲೆನೋವು ಕೊಡುವುದು ಹೇಳದೆ ಕೇಳದೆ ಮೆಷಿನ್ ಬದಲಾಯಿಸುವ ಲ್ಯಾಬ್‌ಗಳು. ಪರಿಚಯವಿಲ್ಲದ ಕೋಡ್ ಅಥವಾ ಯೂನಿಟ್ ಬಂದರೆ ಆ ಫಲಿತಾಂಶ ಮುಂದೆ ಹೋಗದೆ ಒಂದು ಸಾಲಿನಲ್ಲಿ ಕಾಯುತ್ತದೆ. ಅದನ್ನು ದಿನಾ ಬೆಳಿಗ್ಗೆ ನೋಡಿ ಲ್ಯಾಬ್‌ಗೆ ಫೋನ್ ಮಾಡುವುದಕ್ಕೇ ಒಬ್ಬರನ್ನು ಇಟ್ಟಿದ್ದೇವೆ.