ಪಟಾಕಿ ಮೋಡಿನಲ್ಲಿ ಮಿಂಚು: ನನ್ನ ಅನುಭವ

ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಾವೇ ಹೊಂದಿಸುವ ಮ್ಯಾನುಯಲ್ ಮೋಡ್ ಇಲ್ಲದ ಚಿಕ್ಕ ಕ್ಯಾಮೆರಾಕ್ಕೆ ಮಿಂಚು ಸಿಗುವುದಿಲ್ಲವೆಂದು ನನ್ನ ಛಾಯಾಗ್ರಾಹಕ ಗೆಳೆಯರೆಲ್ಲರೂ ಹೇಳುತ್ತಿದ್ದರು. ಮೂರು ಬೇಸಿಗೆಗಳ ಪ್ರಯತ್ನದ ನಂತರ, ಅಂಥದೇ ಕ್ಯಾಮೆರಾದ ಪಟಾಕಿ ಮೋಡಿನಲ್ಲಿ, ಅಂದರೆ ಪಟಾಕಿಯ ಚಿತ್ರಗಳಿಗೆಂದು ಮೊದಲೇ ಹೊಂದಿಸಿಟ್ಟ ಆಯ್ಕೆಯಲ್ಲಿ, ಕಾರ್ಕಳದ ನಮ್ಮ ಮಾಳಿಗೆಯ ಕಿಟಕಿಯಿಂದ ಹಿಡಿದ, ಕುದುರೆಮುಖದ ಬೆಟ್ಟಸಾಲಿನ ಮೇಲೆ ಕವಲೊಡೆದು ಇಳಿಯುವ ಮಿಂಚಿನ ಎಂಟು-ಹತ್ತು ಒಳ್ಳೆಯ ಚಿತ್ರಗಳು ಈಗ ನನ್ನಲ್ಲಿವೆ. ಒಂದನ್ನು 12×18 ಇಂಚಿಗೆ ಮುದ್ರಿಸಿ ಗೋಡೆಗೆ ಹಾಕಿದ್ದೇನೆ. ನೋಡಿದವರು ದೊಡ್ಡ ಕ್ಯಾಮೆರಾದ್ದೆಂದೇ ತಿಳಿಯುತ್ತಾರೆ.

ಕ್ಯಾಮೆರಾವನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಸುಮಾರು 3,500 ರೂಪಾಯಿಗೆ ಕೊಂಡಿದ್ದೆ. ಮೊದಲ ವರ್ಷ ನೈಟ್ ಲ್ಯಾಂಡ್‌ಸ್ಕೇಪ್ ಮೋಡನ್ನು ನಂಬಿ ಕೆಟ್ಟೆ. ಊರಿನ ದೀಪಗಳು ಚೌಕಟ್ಟಿನೊಳಗೆ ಬಂದರೆ ಅದು ಬೆಳಕನ್ನು ಅಳೆದು ಅರ್ಧ ಸೆಕೆಂಡಿಗೇ ಶಟರ್ ಮುಚ್ಚಿಬಿಡುತ್ತಿತ್ತು. ಮರುವರ್ಷ ಸ್ಪೋರ್ಟ್ಸ್ ಮೋಡಿನಲ್ಲಿ ಒಂದೇ ಸಂಜೆ 400ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ; ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿ ಆಕಾಶವೆಲ್ಲ ಕಾಳುಕಾಳಾಗಿತ್ತು, ಮಿಂಚು ಒಂದರಲ್ಲಿಯೂ ಇರಲಿಲ್ಲ. 900 ರೂಪಾಯಿಯ ಟ್ರೈಪಾಡ್ ಗಾಳಿಗೆ ನಡುಗಿ ಆ ಹಣವೂ ನೀರಿನಲ್ಲಿ ಹೋಯಿತು. ಈಗ ಮರಳು ತುಂಬಿದ ಬಟ್ಟೆಚೀಲವನ್ನು ಕಿಟಕಿಯ ದಂಡೆಯ ಮೇಲಿಟ್ಟು, ಅದರಲ್ಲಿ ಕ್ಯಾಮೆರಾವನ್ನು ಅದುಮಿ ಕೂರಿಸುತ್ತೇನೆ.

ದಾರಿ ತೋರಿಸಿದ್ದು ದೀಪಾವಳಿಯ ಚಿತ್ರಗಳು. ಅವುಗಳ ವಿವರಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ, ಪಟಾಕಿ ಮೋಡಿನಲ್ಲಿ ತೆಗೆದ ಪ್ರತಿಯೊಂದರಲ್ಲಿಯೂ ಶಟರ್ 4 ಸೆಕೆಂಡು, ಐಎಸ್‌ಒ 80 ಎಂದಿತ್ತು. ಫ್ಲ್ಯಾಶ್ ಹೊತ್ತಿರಲಿಲ್ಲ, ಫೋಕಸ್ ಇನ್‌ಫಿನಿಟಿಯಲ್ಲಿಯೇ, ಅಂದರೆ ಅತಿ ದೂರಕ್ಕೇ, ನಿಂತಿತ್ತು. ಬೆಳಕು ಎಷ್ಟೇ ಇರಲಿ, ಶಟರ್ ಅಷ್ಟು ಹೊತ್ತು ತೆರೆದೇ ಇರುತ್ತದೆಂದರೆ ಮಿಂಚಿಗೆ ಬೇಕಾದದ್ದೆಲ್ಲ ಅಲ್ಲಿತ್ತು.

ಏಪ್ರಿಲ್-ಮೇ ತಿಂಗಳಲ್ಲಿ ಘಟ್ಟದ ಮೇಲೆ ಮೋಡ ಕಟ್ಟಿದ ಸಂಜೆ, ಪೂರ್ತಿ ಕತ್ತಲಾಗುವವರೆಗೆ, ಅಂದರೆ ಸುಮಾರು 7:30ರವರೆಗೆ ಕಾಯಬೇಕು. ಮೊದಲೇ ತೆಗೆದರೆ ಆಕಾಶ ಬೆಳ್ಳಗಾಗುತ್ತದೆ. ಮಿಂಚನ್ನು ಕಂಡು ಗುಂಡಿ ಒತ್ತುವುದು ವ್ಯರ್ಥ. ಬಿಡದೆ ಒಂದರ ಹಿಂದೊಂದು ತೆಗೆಯುತ್ತಲೇ ಇರಬೇಕು. ಪ್ರತಿ ಚಿತ್ರದ ನಂತರ ಕ್ಯಾಮೆರಾ ಒಳಗೇ ನಾಯ್ಸ್ (ಚಿತ್ರದ ಕಾಳುಕಾಳು) ತೆಗೆಯಲು ಮತ್ತಷ್ಟು ಹೊತ್ತು ಹಿಡಿಯುವುದರಿಂದ ಅರ್ಧ ಮಿಂಚುಗಳು ತಪ್ಪಿಯೇ ತಪ್ಪುತ್ತವೆ. ಈ ಸಲದ ಅತ್ಯುತ್ತಮ ಸಂಜೆಯಲ್ಲಿ ಸುಮಾರು 160 ಚಿತ್ರ ತೆಗೆದರೆ 5ರಲ್ಲಿ ಮಿಂಚು ಸಿಕ್ಕಿತು, ಎರಡು ಬ್ಯಾಟರಿ ಖಾಲಿಯಾದವು. ಗುಂಡಿ ಒತ್ತಿದಾಗಿನ ಅಲುಗಾಟ ಮೂಡದಂತೆ ಲೆನ್ಸಿನ ಮುಂದೆ ಕಪ್ಪು ರಟ್ಟನ್ನು ಹಿಡಿದು ಸರಿಸುತ್ತೇನೆ. ಅದೇ ರಟ್ಟಿನಿಂದ ಊರಿನ ದೀಪಗಳನ್ನು ತಗ್ಗಿಸುವ ಕ್ರಮವೂ ಒಂದಿದೆ; ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಇದೇ ಯೋಚನೆಯಲ್ಲಿ, ಹಿಮದ ಚಿತ್ರಗಳಿಗೆಂದಿರುವ ಸ್ನೋ ಮೋಡನ್ನು ಶಂಕರಪುರ ಮಲ್ಲಿಗೆಯ ರಾಶಿಯ ಮೇಲೆ ಪ್ರಯೋಗಿಸಿದೆ. ಆಟೋದಲ್ಲಿ ಬೂದಿಬಣ್ಣವಾಗಿ ಬರುತ್ತಿದ್ದ ಹೂವು ಬೆಳ್ಳಗೆ ಬಂದಿತು; ಆದರೆ ಹತ್ತಿರದಿಂದ ತೆಗೆದರೆ ಫೋಕಸ್ ನಿಲ್ಲದೆ, ಎರಡಡಿ ಹಿಂದೆ ಸರಿದು ಜೂಮ್ ಮಾಡಬೇಕಾಯಿತು.

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡು, ಎಂದರೆ ಹತ್ತು ಕಿಲೋಮೀಟರಿನಷ್ಟು ದೂರ, ಉಳಿದಿಲ್ಲವೆಂದಾದರೆ ಎಂಥ ಆಕಾಶವಿದ್ದರೂ ಕಿಟಕಿ ಮುಚ್ಚಿ ಒಳಗೆ ಹೋಗುತ್ತೇನೆ. ಮೇ ತಿಂಗಳ ಅತಿ ದೊಡ್ಡ ಮಿಂಚನ್ನು ಹಾಗೆಯೇ ಬಿಟ್ಟುಕೊಟ್ಟೆ.