ಕೌನ್ಸಿಲ್ ಮನೆಯ ಪ್ರಿವೆಟ್ ಬೇಲಿ: ನೆಡುವುದು, ಉಳಿಸಿಕೊಳ್ಳುವುದು

ಲಂಡನ್ನಿನ ಪೂರ್ವಕ್ಕೆ ಬೆಕಂಟ್ರಿಯಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಎಂಬ ಆಗಿನ ನಗರಾಡಳಿತ 1921ರಿಂದ 1935ರೊಳಗೆ ಸುಮಾರು 26,000 ಬಾಡಿಗೆ ಮನೆಗಳನ್ನು ಕಟ್ಟಿತು. ಎಕರೆಗೆ 12 ಮನೆಗಿಂತ ಹೆಚ್ಚು ಬೇಡವೆಂದು ವಸತಿ ಕುರಿತ 1918ರ ಸರ್ಕಾರಿ ವರದಿ, ಟ್ಯೂಡರ್ ವಾಲ್ಟರ್ಸ್ ವರದಿ, ಹೇಳಿತ್ತು. ಆದ್ದರಿಂದಲೇ ಮನೆ ಮುಂದೆ ಕೈತೋಟ, ಹಿಂದೆ ಹಿತ್ತಲು ಸಾಧ್ಯವಾಯಿತು. ಲಂಡನ್ನಿನ ಬಡ ಬಡಾವಣೆ ಈಸ್ಟ್ ಎಂಡಿನ ಇಕ್ಕಟ್ಟಿನಿಂದ ಬಂದ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ. ಮುಂದಿನ ತೋಟ ಅಚ್ಚುಕಟ್ಟಾಗಿರಬೇಕೆಂಬುದು ಬಾಡಿಗೆಯ ಷರತ್ತೂ ಆಗಿತ್ತು. ಹಿತ್ತಲಿನ ಆಲೂಗಡ್ಡೆ, ಕೋಸು ಮನೆಯವರ ಅಡುಗೆಗೆ. ಇಡೀ ಬೀದಿಗೆ ಕಾಣುವುದು ಮುಂದಿನ ಬೇಲಿ, ಅಂದರೆ ಕತ್ತರಿಸಿದರೆ ಒತ್ತಾಗಿ ಚಿಗುರುವ ಪ್ರಿವೆಟ್ ಎಂಬ ಪೊದೆಗಿಡದ ಸಾಲು. ಇಂಥ ಮನೆಯ ತೋಟವನ್ನು ಹಳೆಯ ರೂಪಕ್ಕೆ ತರುವವರು ಅಲ್ಲಿಂದಲೇ ಶುರುಮಾಡಬೇಕು.

ನೆಡುವ ಕಾಲ ನವೆಂಬರ್‌ನಿಂದ ಮಾರ್ಚ್. ಆಗ ಕುಂಡವಿಲ್ಲದ ಬರಿಬೇರಿನ ಸಸಿ ಅಗ್ಗಕ್ಕೆ ಸಿಗುತ್ತದೆ. ನೆಲ ಹೆಪ್ಪುಗಟ್ಟಿದ್ದರೆ, ನೀರು ನಿಂತಿದ್ದರೆ ಕಾಯಿರಿ. 45 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕಾಲುವೆ ತೋಡಿ, ಹೂತಿರುವ ಇಟ್ಟಿಗೆ ಚೂರು, ಗಾರೆ ತೆಗೆದುಹಾಕಿ, ಕಳಿತ ಗೊಬ್ಬರ ಬೆರೆಸಿ. ಸಸಿಯಿಂದ ಸಸಿಗೆ 30 ಸೆಂ.ಮೀ.; ಅಂದರೆ 10 ಮೀಟರಿಗೆ ಸುಮಾರು 33 ಸಸಿ. ಬೇರು ಒಣಗಲು ಬಿಡಬೇಡಿ. ಕಾಂಡದ ಮೇಲೆ ಹಳೆಯ ಮಣ್ಣಿನ ಗುರುತು ಇರುವಷ್ಟೇ ಆಳಕ್ಕೆ ನೆಟ್ಟು, ತುಳಿದು, ನೀರು ಹಾಕಿ.

ಇನ್ನು ಎಲ್ಲರೂ ಹಿಂಜರಿಯುವ ಕೆಲಸ: ನೆಟ್ಟ ಕೂಡಲೇ ಸಸಿಗಳನ್ನು 30 ಸೆಂ.ಮೀ. ಎತ್ತರಕ್ಕೆ ಕತ್ತರಿಸಿಬಿಡಿ. ಕತ್ತರಿಸದಿದ್ದರೆ ತುದಿಯಷ್ಟೇ ಮೇಲೇರುತ್ತದೆ, ಬುಡದಲ್ಲಿ ಕವಲೊಡೆಯುವುದಿಲ್ಲ. ಆಮೇಲೆ ಬೇಲಿಯ ಕೆಳಗೆ ನಾಯಿ ನುಗ್ಗುವಷ್ಟು ಸಂದು. ಮರುವರ್ಷ ಹೊಸ ಚಿಗುರನ್ನೂ ಅರ್ಧಕ್ಕೆ ಕತ್ತರಿಸಿ.

ಬೆಳೆದ ಬೇಲಿಯನ್ನು ಬೇಸಗೆಯಲ್ಲಿ ಎರಡು ಮೂರು ಸಲ ಸವರಿ. ಬುಡ ಅಗಲ, ನೆತ್ತಿ ಕಿರಿದಾಗಿರಲಿ. ನೆತ್ತಿ ಹರಡಿಕೊಂಡರೆ ಬುಡಕ್ಕೆ ಬಿಸಿಲು ಬೀಳದೆ ಎಲೆ ಉದುರುತ್ತದೆ. ಎತ್ತರ ಸೊಂಟದ ಮಟ್ಟಕ್ಕಿದ್ದರೆ ಸಾಕು, ಬೀದಿ ತೆರೆದಂತೆ ಕಾಣಬೇಕು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕತ್ತರಿ ಹಾಕುವ ಮುನ್ನ ಹಕ್ಕಿಗೂಡು ಇದೆಯೇ ನೋಡಿ. ಬಳಕೆಯಲ್ಲಿರುವ ಗೂಡನ್ನು ಬೇಕೆಂದೇ ಕೆಡಿಸುವುದು ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಪ್ರಿವೆಟ್ಟಿನ ಕಪ್ಪು ಹಣ್ಣು ವಿಷ, ಮಕ್ಕಳನ್ನು ದೂರವಿಡಿ.

ಬುಡ ಬೋಳಾದ ಹಳೆಯ ಬೇಲಿಯನ್ನು ಕಿತ್ತೆಸೆಯಬೇಡಿ. ಫೆಬ್ರುವರಿಯಲ್ಲಿ 30 ಸೆಂ.ಮೀ. ಉಳಿಸಿ ಕತ್ತರಿಸಿ, ಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತದೆ. ಒಂದರ ಹಿಂದೊಂದು ಗಿಡ ಸತ್ತು, ಬುಡದ ತೊಗಟೆಯ ಕೆಳಗೆ ಅಣಬೆ ವಾಸನೆಯ ಬಿಳಿ ಪದರ ಕಂಡರೆ ಅದು ಬೇರು ಕೊಳೆಸುವ ಶಿಲೀಂಧ್ರ, ಹನಿ ಫಂಗಸ್ (honey fungus). ಆ ಗಿಡಗಳನ್ನು ಬೇರುಸಹಿತ ತೆಗೆಯಿರಿ, ಅದೇ ಜಾಗದಲ್ಲಿ ಪ್ರಿವೆಟ್ ಮತ್ತೆ ನೆಡಬೇಡಿ.

ಸಂದು ತುಂಬಲು ಸಸಿ ಕೊಳ್ಳಬೇಕಿಲ್ಲ. ಅಕ್ಟೋಬರ್ ಕೊನೆಯಲ್ಲಿ ಅದೇ ವರ್ಷದ ಬಲಿತ ಕಡ್ಡಿಗಳನ್ನು 25 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರುವಂತೆ ಹಿತ್ತಲ ಮೂಲೆಯಲ್ಲಿ ಊರಿ. ಮುಂದಿನ ಚಳಿಗಾಲಕ್ಕೆ ಬೇಲಿಗೆ ಸಿದ್ಧ.